ಜರೀಗಿಡದ ನಲವತ್ತೊಂದು ಪಟ್ಟು

ಮಾರ್ಚ್ ೪

ಅಕ್ಕಾ,

ಭಾವನ ಹಳೆಯ ಆಫೀಸಿಗೆ ಫೋನು ಮಾಡಿ ನಿಮ್ಮ ವಿಳಾಸ ತೆಗೆದುಕೊಂಡೆ. ಭಾವನ ಮೇಲೆ ರೇಗಬೇಡ, ಕೊಟ್ಟವರು ಅಲ್ಲಿಯ ಗುಮಾಸ್ತರು. ನಿನ್ನೊಡನೆ ಫೋನಿನಲ್ಲಿ ಮಾತಾಡುವ ಧೈರ್ಯ ನನಗಿಲ್ಲ. ಕಾಗದವಾದರೆ ಬೇಡವೆನಿಸಿದಲ್ಲಿಗೆ ನೀನು ಮಡಚಿಡಬಹುದು. ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಮ್ಮ ಹೋದ ದಿನ ನೀನು ಆ ಗೋಡೆಗೆ, ನಾನು ಈ ಗೋಡೆಗೆ ಒರಗಿ ನಿಂತಿದ್ದೆವಲ್ಲ, ಅದನ್ನು ಭೇಟಿ ಎನ್ನಲಾಗುವುದಿಲ್ಲ.

ವಿಷಯ ಇಷ್ಟು. ಕಳೆದ ವಾರ ಬೇರೆ ಊರಿನ ಒಂದು ಲ್ಯಾಬಿನವರು ನನಗೆ ಬರೆದಿದ್ದರು. ಕಲ್ಲುಗೋಡೆಯ ಬಿರುಕಿನಲ್ಲಿ ಬೆಳೆಯುವ ಆ ಗಿಡ್ಡ ಜರೀಗಿಡವನ್ನು ಅವರು ಅಳೆದಿದ್ದಾರೆ. ಅದರ ಒಂದೊಂದು ಜೀವಕೋಶದಲ್ಲೂ ಮನುಷ್ಯನ ಜೀವಕೋಶದಲ್ಲಿರುವುದಕ್ಕಿಂತ ನಲವತ್ತೊಂದು ಪಟ್ಟು ಡಿಎನ್‌ಎ ಇದೆಯಂತೆ. ನಂಬಲಾಗದೆ ನಾಲ್ಕು ಸಲ ಅಳೆದರಂತೆ. ಈ ಗಿಡದ ಮೇಲೆ ನಿಮ್ಮಲ್ಲಿ ಹಿಂದೆ ಕೆಲಸ ನಡೆದಿತ್ತೆಂದು ಕೇಳಿದ್ದೇವೆ, ಹಳೆಯ ಅಳತೆ ಏನಾದರೂ ಉಳಿದಿದೆಯೇ ಎಂದು ವಿಚಾರಿಸಿದ್ದಾರೆ.

ನಾನು ಕಪಾಟುಗಳನ್ನೆಲ್ಲ ಹುಡುಕಿದೆ. ನಿನ್ನ ನೀಲಿ ರಟ್ಟಿನ ನೋಟುಬುಕ್ಕು ಸಿಕ್ಕಿತು. ನಿನ್ನ ಗುಂಡಕ್ಷರದಲ್ಲಿ ನಲವತ್ತೊಂದು ಎಂದೇ ಇದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಎಲೆಯ ಉಸಿರುರಂಧ್ರಗಳೂ ತುಂಬ ದೊಡ್ಡವು, ಗಮನಿಸಿ ಎಂದು ಬರೆದಿದ್ದೀ. ಡಿಎನ್‌ಎ ಹೆಚ್ಚಿದ್ದರೆ ಅದನ್ನು ಹೊತ್ತ ಕೋಶವೂ ದೊಡ್ಡದಾಗಬೇಕಲ್ಲ, ಅದಕ್ಕೆ. ಅದನ್ನು ಆ ಮೀಟಿಂಗಿನಲ್ಲಿ ನೀನು ಬಾಯಿಬಿಟ್ಟು ಹೇಳಿಯೂ ಇದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಲ್ಯಾಬಿನ ಮುಖ್ಯಸ್ಥರಾಗಿದ್ದ ನಮ್ಮ ದೊಡ್ಡವರ ಸಿದ್ಧಾಂತ ನಿನಗೆ ನೆನಪಿರಬಹುದು. ಗಿಡ ಎಷ್ಟು ಬೇಗ ಬೆಳೆದು ಮುಗಿಯಬೇಕೋ ಅಷ್ಟು ಕಡಿಮೆ ಡಿಎನ್‌ಎ ಹೊತ್ತಿರುತ್ತದೆ ಎನ್ನುತ್ತಿದ್ದರು. ಪ್ರತಿ ಸಲ ಕೋಶ ಎರಡಾಗುವಾಗಲೂ ಅಷ್ಟನ್ನೂ ನಕಲು ಮಾಡಬೇಕು, ಹೊರೆ ಹೆಚ್ಚಾದಷ್ಟೂ ನಡಿಗೆ ನಿಧಾನ. ಅವರ ನಕ್ಷೆಯಲ್ಲಿ ಅರವತ್ತು ಗಿಡಗಳ ಚುಕ್ಕಿಗಳು ಒಂದೇ ಗೆರೆಯ ಮೇಲೆ ಸಾಲಾಗಿ ಕೂತಿದ್ದವು. ನಿನ್ನ ಜರೀಗಿಡ ಮಾತ್ರ ಕಾಗದದ ಆಚೆಗೆ ಹಾರಿತ್ತು. ಅವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅಷ್ಟೇ ನಿಜವೂ ಅಲ್ಲ. ಡಿಎನ್‌ಎಯಲ್ಲಿ ತಮ್ಮನ್ನು ತಾವೇ ನಕಲು ಮಾಡಿಕೊಂಡು ಕಂಡಕಂಡಲ್ಲಿ ಹೋಗಿ ಸೇರುವ ತುಣುಕುಗಳಿವೆ. ಕೆಲವು ವಂಶಗಳು ಅವನ್ನು ಕಾಲಕಾಲಕ್ಕೆ ಕತ್ತರಿಸಿ ಹಾಕುತ್ತವೆ, ಕೆಲವಕ್ಕೆ ಅದು ಆಗುವುದಿಲ್ಲ, ಕೋಟಿ ವರ್ಷ ಪೇರಿಸುತ್ತಲೇ ಇರುತ್ತವೆ. ಹೆಚ್ಚಿದ್ದ ಮಾತ್ರಕ್ಕೆ ಆ ಜೀವಿ ದೊಡ್ಡದೂ ಅಲ್ಲ, ಜಾಣವೂ ಅಲ್ಲ. ಈರುಳ್ಳಿಗೆ ನಮಗಿಂತ ಐದು ಪಟ್ಟು ಇದೆ ಎಂದು ನಾನು ಮೊದಲ ಸಲ ಹೇಳಿದಾಗ, "ಅದಕ್ಕೇ ಇರ್ಬೇಕು, ಯಾವಾಗ್ಲೂ ಅಳೋರು ನಾವೇ" ಎಂದಿದ್ದೆಯಲ್ಲ. ಈಗಲೂ ತರಗತಿಯಲ್ಲಿ ಅದನ್ನು ನನ್ನ ಮಾತೆಂಬಂತೆ ಹೇಳಿ ನಗಿಸುತ್ತೇನೆ.

ಆಗ ನಾವೆಲ್ಲ ತಪ್ಪು ತಿಳಿದಿದ್ದೆವು ಅಕ್ಕ. ಆ ಲ್ಯಾಬಿನವರ ಜೊತೆ ಸೇರಿ ಲೇಖನ ಬರೆಯಬೇಕೆಂದಿದ್ದೇನೆ. ಮೊದಲ ಹೆಸರು ನಿನ್ನದಿರಲಿ. ನಿನ್ನ ಒಪ್ಪಿಗೆ ಬೇಕು.

ನೀನಿಟ್ಟ ಹೆಸರಿನವಳು,
ಚಿಟಿಕೆ

*

ಮಾರ್ಚ್ ೨೯

ತಂಗಿಗೆ,

ಕಾಗದ ತಲುಪಿತು. ಓದಲು ಎರಡು ದಿನ ಹಿಡಿಯಿತು. ಇಲ್ಲಿ ಓದುವುದೆಲ್ಲ ಬಿಡಿಬಿಡಿಯಾಗಿ. ನಾನು ಈಗ ಈಜುಕೊಳದ ಟಿಕೆಟ್ ಕಿಟಕಿಯಲ್ಲಿ ಕೂರುತ್ತೇನೆ. ಟಿಕೆಟು ಹರಿದು ಕೊಡಬೇಕು, ಬಟ್ಟೆ ಇಡುವ ಪೆಟ್ಟಿಗೆಯ ಬೀಗದ ಕೈ ಕೊಡಬೇಕು, ಹೋಗುವಾಗ ಒದ್ದೆ ಕೈಯಿಂದ ಅದನ್ನು ವಾಪಸು ಇಸಿದುಕೊಳ್ಳಬೇಕು. ಕ್ಲೋರಿನ್ ವಾಸನೆ ಮನೆಯ ದಿಂಬಿನವರೆಗೂ ಬರುತ್ತದೆ. ಕೆಲಸ ಒಳ್ಳೆಯದೇ. ಯಾರೂ ತಪ್ಪು ಹುಡುಕುವಂಥದ್ದು ಅದರಲ್ಲಿ ಏನೂ ಇಲ್ಲ.

ನಾವೆಲ್ಲ ತಪ್ಪು ತಿಳಿದಿದ್ದೆವು ಎಂದು ಬರೆದಿದ್ದೀ. ಆ ದಿನ ಮೀಟಿಂಗಿನಲ್ಲಿ ದೊಡ್ಡವರು ನನ್ನ ಅಳತೆಯ ಹಾಳೆ ಎತ್ತಿ ಹಿಡಿದು ಇದೇನು ಎಂದಾಗ ಹದಿನೆಂಟು ಜನ ಕೂತಿದ್ದರು. ಹದಿನೇಳು ಜನ ಸುಮ್ಮನಿದ್ದರು. ಮಾತಾಡಿದವಳು ನೀನೊಬ್ಬಳೇ. "ಅಕ್ಕನ ಕೈ ಇತ್ತೀಚೆಗೆ ಸ್ವಲ್ಪ ಅವಸರ ಸರ್. ಎಲೆ ಸರಿಯಾಗಿ ಹೆಚ್ಚಿಲ್ಲ ಅನ್ಸುತ್ತೆ, ಕೋಶಕೇಂದ್ರಗಳು ಅಂಟ್ಕೊಂಡಿರ್ಬೇಕು." ಇಷ್ಟೇ ನೀನು ಅಂದದ್ದು. ಹದಿನಾಲ್ಕು ವರ್ಷ ಆ ಮೇಜಿನ ಮುಂದೆ ಕೂತಿದ್ದ ನನ್ನನ್ನು ಮಾರನೆಯ ದಿನ ಗಾಜು ತೊಳೆಯುವ ಕೋಣೆಗೆ ಹಾಕಿದರು. ಒಂದು ವಾರ ತೊಳೆದೆ. ಆಮೇಲೆ ಆಗಲಿಲ್ಲ.

ಇದನ್ನು ಜಗಳಕ್ಕೆ ಬರೆಯುತ್ತಿಲ್ಲ. ಒಂದು ಕೇಳಬೇಕಿತ್ತು, ಅದಕ್ಕೆ. ಬಿಟ್ಟು ಹೋಗುವಾಗ ಆ ಜರೀಗಿಡದ ಕುಂಡವನ್ನೂ ಒಡೆಯದ ಒಂದು ಬ್ಲೇಡಿನ ಪೊಟ್ಟಣವನ್ನೂ ಮೇಜಿನ ಮೇಲೆ ಇಟ್ಟಿದ್ದೆ. ಒಂದು ತಿಂಗಳಾದ ಮೇಲೆ ನನ್ನ ಏಪ್ರನ್ ತೆಗೆದುಕೊಂಡು ಹೋಗಲು ಬಂದಾಗ ಪೊಟ್ಟಣ ಒಡೆದಿತ್ತು, ಗಿಡದ ಎಳೆಯ ಎಲೆಗಳು ಎರಡು ಕಡಿಮೆ ಇದ್ದವು. ಆ ಮೇಜಿಗೆ ಕೂರುತ್ತಿದ್ದವರು ನಾನು, ನೀನು, ಇಬ್ಬರೇ.

ಆಗ ನಾನು ಅಂದುಕೊಂಡದ್ದು ಇದು. ನೀನು ಮತ್ತೆ ಅಳೆದು ನೋಡಿದ್ದೀ, ಸಣ್ಣ ಅಂಕಿ ಬಂದಿದೆ, ತಪ್ಪು ನನ್ನದೇ ಎಂದು ಖಾತ್ರಿಯಾಗಿದೆ, ಆದರೂ ಅಕ್ಕನಿಗೆ ಇನ್ನಷ್ಟು ನೋವಾಗಬಾರದೆಂದು ಯಾರಿಗೂ ಹೇಳದೆ ನುಂಗಿಕೊಂಡಿದ್ದೀ. ಆ ಒಂದು ದಯೆಗಾಗಿ, ಮೀಟಿಂಗಿನ ಮಾತನ್ನು ನಾನು ಬಹಳ ಮಟ್ಟಿಗೆ ಮರೆತೆ. ನಿನ್ನಿಂದ ದೂರ ಉಳಿದದ್ದು ಸಿಟ್ಟಿನಿಂದಲ್ಲ, ನಾಚಿಕೆಯಿಂದ. ನಿನಗೆ ಕೈ ಹಿಡಿದು ಕಲಿಸಿದವಳು ನಾನು. ಆ ಕೈಯೇ ಸರಿಯಿರಲಿಲ್ಲ ಅಂದ ಮೇಲೆ ಯಾವ ಮುಖ ಇಟ್ಟುಕೊಂಡು ಬರಲಿ?

ಈಗ ನನ್ನ ಅಂಕಿಯೇ ಸರಿ ಎನ್ನುತ್ತಿದ್ದೀ. ಹಾಗಾದರೆ ಆ ದಿನ ನಿನಗೆ ಎಷ್ಟು ಬಂತು? ನಿನ್ನ ಕೈಯೂ ತಪ್ಪಿತೇ? ತಿಳಿದುಕೊಳ್ಳುವ ಆಸೆಗೆ ಕೇಳುತ್ತಿದ್ದೇನೆ.

ಅಕ್ಕ

*

ಏಪ್ರಿಲ್ ೨೭

ಅಕ್ಕಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಆರು ಉತ್ತರ ಬರೆದು ಹರಿದೆ. ಒಂದರಲ್ಲಿ ಅಳೆಯುವ ಯಂತ್ರದ ದೀಪ ಹಳೆಯದಾಗಿತ್ತು ಎಂದಿದ್ದೆ. ಇನ್ನೊಂದರಲ್ಲಿ ನೆನಪಿಲ್ಲ ಎಂದಿದ್ದೆ. ಇದು ಏಳನೆಯದು.

ನನಗೂ ನಲವತ್ತೊಂದೇ ಬಂತು.

ನೀನು ಬಿಟ್ಟುಹೋದ ಹತ್ತನೆಯ ದಿನ, ಎಲ್ಲರೂ ಊಟಕ್ಕೆ ಇಳಿದಿದ್ದಾಗ ಕೂತೆ. ತಣ್ಣಗಿನ ದ್ರಾವಣ, ಹೊಸ ಬ್ಲೇಡು, ಅಳತೆಗಲ್ಲಿನಂತೆ ಪಕ್ಕಕ್ಕೊಂದು ಚೂರು ಈರುಳ್ಳಿ ಎಲೆ, ಎರಡನ್ನೂ ಒಂದೇ ತಟ್ಟೆಯಲ್ಲಿ ಹೆಚ್ಚುವುದು, ಬಟ್ಟೆಯಲ್ಲಿ ಸೋಸುವುದು, ಬಣ್ಣ ಹಾಕುವುದು, ಯಂತ್ರಕ್ಕೆ ಕೊಡುವುದು, ಎಲ್ಲ ನೀನು ಕಲಿಸಿದಂತೆಯೇ. ತೆರೆಯ ಮೇಲೆ ಜರೀಗಿಡದ ಗೆರೆ ಒಂದೇ ಕಡೆ ನೆಟ್ಟಗೆ ಎದ್ದಿತು. ಇನ್ನೊಂದು ಎಲೆ ಕಿತ್ತು ಮತ್ತೆ ಮಾಡಿದೆ. ಮತ್ತೆ ಅದೇ.

ಇನ್ನೂ ಒಂದು ಇದೆ. ಡಿಎನ್‌ಎ ಹೊತ್ತ ಕೋಶಕೇಂದ್ರಗಳು ಅಂಟಿಕೊಂಡಿದ್ದರೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಎಂದು ಗೆರೆ ಹತ್ತು ಕಡೆ ಎಡವಿ ಎಡವಿ ಏಳುತ್ತದೆ. ನಿನ್ನ ಹಾಳೆಯಲ್ಲಿ ಅದು ಒಂದೇ ಕಡೆ ಎದ್ದಿತ್ತು. ಅಂಟಿಕೊಂಡಿಲ್ಲ ಎನ್ನುವುದು ಮೀಟಿಂಗಿನಲ್ಲೇ ನನಗೆ ಕಾಣುತ್ತಿತ್ತು. ಕಾಣುತ್ತಿದ್ದರೂ ಆ ಮಾತು ಆಡಿದೆ. ದೊಡ್ಡವರು ನನ್ನ ಮುಖ ನೋಡುತ್ತಿದ್ದರು. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಪೂರ್ತಿ ಅವರ ಆ ಗೆರೆಯ ಮೇಲೆ ನಿಂತಿತ್ತು, ಸಲ್ಲಿಸಲು ಒಂದು ತಿಂಗಳೂ ಉಳಿದಿರಲಿಲ್ಲ. ಆ ಒಂದು ಚುಕ್ಕಿ ಒಳಗೆ ಬಂದಿದ್ದರೆ ಗೆರೆಯೇ ಇರುತ್ತಿರಲಿಲ್ಲ.

ಪದವಿ ಬಂದ ಮೇಲೆ ಹೇಳೋಣ ಎಂದುಕೊಂಡೆ. ಪದವಿ ಬಂತು, ಕೆಲಸ ಖಾಯಂ ಆಗಲಿ ಎಂದುಕೊಂಡೆ. ಆಮೇಲೆ ಅಮ್ಮ ಹೋದರು. ಆಮೇಲೆ ದೊಡ್ಡವರು ನಿವೃತ್ತರಾಗಿ ಆ ಕುರ್ಚಿ ನನಗೇ ಬಂತು. ಒಂದೊಂದು ವರ್ಷಕ್ಕೂ ಬಾಯಿ ಇನ್ನಷ್ಟು ಕಟ್ಟಿಹೋಯಿತು.

ಕಪಾಟುಗಳನ್ನೆಲ್ಲ ಹುಡುಕಿದೆ ಎಂದು ಬರೆದಿದ್ದೆ. ಹುಡುಕಲಿಲ್ಲ. ನಿನ್ನ ನೋಟುಬುಕ್ಕು ಎಲ್ಲಿದೆ ಎಂದು ನನಗೆ ಯಾವತ್ತೂ ಗೊತ್ತಿತ್ತು. ನನ್ನ ಆ ಎರಡು ಹಾಳೆಗಳು ಅದರ ಹಿಂದಿನ ರಟ್ಟಿನೊಳಗೆ ಇವೆ. ಹರಿಯಲೂ ಆಗಲಿಲ್ಲ, ತೋರಿಸಲೂ ಆಗಲಿಲ್ಲ.

ನೀನು ಅದನ್ನು ದಯೆ ಅಂದುಕೊಂಡಿದ್ದೆ ಎಂದು ಓದಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನೀನು ನನ್ನನ್ನು ದ್ವೇಷಿಸುತ್ತಿದ್ದೀ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅದೇ ಆಗಿದ್ದರೆ ವಾಸಿಯಿತ್ತು.

ಚಿಟಿಕೆ

*

ಜೂನ್ ೧೫

ಚಿಟಿಕೆಗೆ ಭಾವನ ಆಶೀರ್ವಾದಗಳು.

ನಿನ್ನ ಅಕ್ಕ ಬರೆಯುವುದಿಲ್ಲ, ನಾನಾದರೂ ಬರೆಯಬೇಕೆನಿಸಿತು. ನಿನ್ನ ಕಾಗದ ಬಂದ ದಿನ ಅವಳು ಅಡುಗೆಮನೆಯಲ್ಲಿ ನಿಂತೇ ಓದಿದಳು. ಓದಿ, ಮಡಚಿ, ಕೆಲಸಕ್ಕೆ ಹೋದಳು. ಸಂಜೆ ಬಂದವಳು ಚಪ್ಪಲಿ ಬಿಚ್ಚದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಒಂದು ಗಂಟೆ ಕೂತಿದ್ದಳು. ಏನೆಂದು ಕೇಳಿದರೆ ಕಾಗದವನ್ನು ನನ್ನ ಕೈಗಿಟ್ಟಳು.

ನಾನು ವಿದ್ಯುತ್ ಮೀಟರು ಓದಿ ನಿವೃತ್ತನಾದವನು, ನನಗೆ ನಿಮ್ಮ ಡಿಎನ್‌ಎ ಅರ್ಥವಾಗುವುದಿಲ್ಲ. ಆದರೆ ಅಳತೆ ಅಂದರೆ ಏನೆಂದು ಗೊತ್ತು. ಮೀಟರು ತೋರಿಸಿದ್ದನ್ನು ಬರೆಯಬೇಕು, ಮನೆಯವರ ಮುಖ ನೋಡಿ ಬರೆಯಬಾರದು. ನಿನ್ನನ್ನು ಬೈಯಲೆಂದೇ ಕೂತವನು, ಬರೆಯುತ್ತಾ ಬರೆಯುತ್ತಾ ಬೈಗುಳ ಬರುತ್ತಿಲ್ಲ. ನೀನು ಲಂಗ ತೊಟ್ಟು ನಮ್ಮ ಮನೆಗೆ ಬಂದು ನನ್ನ ಸೈಕಲ್ಲಿನ ಗಾಳಿ ಬಿಡುತ್ತಿದ್ದವಳು. ಹೇಳಿಬಿಟ್ಟಿದ್ದರೆ ಆಗುತ್ತಿತ್ತಮ್ಮ. ಇಷ್ಟೇ.

ಅವಳು ಊಟ ಮಾಡುತ್ತಾಳೆ, ಕೆಲಸಕ್ಕೆ ಹೋಗುತ್ತಾಳೆ. ಮಾತು ಕಡಿಮೆ. ನೀನು ಈಗ ಫೋನು ಮಾಡಬೇಡ, ಬರಲೂಬೇಡ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ.

ಭಾವ

*

ಜುಲೈ ೩೦

ತಂಗಿಗೆ,

ಇವರು ನಿನಗೆ ಬರೆದದ್ದು ನನಗೆ ಗೊತ್ತು. ಅಂಚೆಚೀಟಿಯ ಹಾಳೆಯಲ್ಲಿ ಒಂದು ಕಡಿಮೆ ಇತ್ತು.

ಮೂರು ತಿಂಗಳಿಂದ ಏನು ಬರೆಯಲಿ ಎಂದೇ ಯೋಚಿಸುತ್ತಿದ್ದೇನೆ. ಮೀಟಿಂಗಿನ ಮಾತು ಹೋಗಲಿ. ಹೆದರಿದವರು ಏನೇನೋ ಆಡುತ್ತಾರೆ. ಪ್ರಬಂಧ ಮುಗಿಯುವವರೆಗೆ ಸುಮ್ಮನಿದ್ದದ್ದೂ ಹೋಗಲಿ. ಆಮೇಲಿನದನ್ನು ಹೋಗಲಿ ಎನ್ನಲಾಗುತ್ತಿಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ, ಹೇಳುತ್ತೇನೆ. ಅಮ್ಮನ ಕೊನೆಯ ತಿಂಗಳು ಆಸ್ಪತ್ರೆಯಲ್ಲಿ ರಾತ್ರಿ ನೀನು, ಹಗಲು ನಾನು ಎಂದು ಪಾಳಿ ಮಾಡಿಕೊಂಡಿದ್ದೆವಲ್ಲ, ಒಬ್ಬರ ಮುಖ ಒಬ್ಬರು ನೋಡದ ಹಾಗೆ. ಒಂದು ಮಧ್ಯಾಹ್ನ ನಾನು ಅವರ ಉಗುರು ಕತ್ತರಿಸುತ್ತಿದ್ದೆ. ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದವರು, "ನಿಜ ಹೇಳು, ಲ್ಯಾಬಲ್ಲಿ ನೀನು ತಪ್ಪು ಮಾಡಿದ್ಯಾ?" ಎಂದು ಕೇಳಿದರು. ಅಷ್ಟು ದಿನ ಕೇಳಿರಲಿಲ್ಲ. ದೊಡ್ಡ ಮಗಳ ಕೈ ಅಂದರೆ ಕೈ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವರು.

ಇಲ್ಲ ಎಂದಿದ್ದರೆ ನೀನು ಸುಳ್ಳಿಯಾಗುತ್ತಿದ್ದೆ. ರಾತ್ರಿ ಅದೇ ಕುರ್ಚಿಯಲ್ಲಿ ನೀನು ಬಂದು ಕೂರಬೇಕಿತ್ತು. ಅದೂ ಅಲ್ಲದೆ, ತಪ್ಪು ನನ್ನದೇ ಎಂದು ನಾನು ನಂಬಿದ್ದೆ. "ಹೌದಮ್ಮ, ಮಾಡಿದ್ದೆ" ಎಂದೆ. ಅಮ್ಮ "ಹೋಗ್ಲಿ ಬಿಡು, ಎಲ್ರೂ ಮಾಡ್ತಾರೆ" ಎಂದು ನನ್ನ ಕೈಯನ್ನು ತಮ್ಮ ಹೊದಿಕೆಯೊಳಗೆ ಎಳೆದುಕೊಂಡರು. ಆ ಮೇಲೆ ಒಂಬತ್ತು ದಿನ ಬದುಕಿದ್ದರು.

ಆ ಒಂಬತ್ತು ದಿನದಲ್ಲಿ ಒಂದು ರಾತ್ರಿ ನೀನು ಬಾಯಿ ಬಿಟ್ಟಿದ್ದರೆ ಸಾಕಾಗಿತ್ತು. ನನಗೆ ಹೇಳದಿದ್ದರೂ ಅವರಿಗೆ.

ಲೇಖನದಲ್ಲಿ ಹೆಸರು ಹಾಕುವುದಾದರೆ ಹಾಕು. ನಾನು ಬೇಡ ಎನ್ನುವುದಿಲ್ಲ. ಅದು ನನ್ನ ಅಳತೆ. ಆದರೆ ಹೇಗೆ ಕಳೆದುಹೋಗಿತ್ತು, ಹೇಗೆ ಸಿಕ್ಕಿತು ಎಂಬುದಕ್ಕೆ ಒಂದು ಕಥೆ ಕಟ್ಟಿ ಬರೆಯಬೇಡ.

ಅಕ್ಕ

*

ಅಕ್ಟೋಬರ್ ೧೯

ಅಕ್ಕಾ,

ಕಥೆ ಕಟ್ಟಲಿಲ್ಲ.

ಆಗಸ್ಟಿನಲ್ಲಿ ಸಂಸ್ಥೆಗೆ ಎರಡು ಪುಟದ ಪತ್ರ ಕೊಟ್ಟೆ. ಆ ಎರಡು ಹಾಳೆಗಳನ್ನೂ ಲಗತ್ತಿಸಿದೆ. ಮೂವರ ಸಮಿತಿ ಕೂತಿತು. ಎಲ್ಲರೂ ಸಭ್ಯವಾಗಿಯೇ ಮಾತಾಡಿದರು. ಒಬ್ಬರು ಮಾತ್ರ ಕನ್ನಡಕ ತೆಗೆದು, "ಇಷ್ಟು ವರ್ಷ ಆದ್ಮೇಲೆ ಈಗ್ಯಾಕೆ ಹೇಳ್ತಿದ್ದೀರಿ?" ಎಂದರು. ಅಕ್ಕ ಕೇಳಿದಳು ಎಂದೆ. ಅದನ್ನು ಅವರು ಬರೆದುಕೊಳ್ಳಲಿಲ್ಲ. ನನ್ನನ್ನು ಲ್ಯಾಬಿನ ಮುಖ್ಯಸ್ಥೆಯ ಸ್ಥಾನದಿಂದ ತೆಗೆದಿದ್ದಾರೆ. ಪ್ರಬಂಧದ ಮಾತು ವಿಶ್ವವಿದ್ಯಾಲಯ ನೋಡಿಕೊಳ್ಳಬೇಕಂತೆ. ಪಾಠ ಮಾಡಲು ಸದ್ಯಕ್ಕೆ ಬಿಟ್ಟಿದ್ದಾರೆ. ಇದನ್ನು ನಿನಗೆ ಸಮಾಧಾನವಾಗಲೆಂದು ಬರೆಯುತ್ತಿಲ್ಲ. ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು.

ಲ್ಯಾಬಿನ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಅದೇ ಕೋಣೆ, ಮೇಜು ಮಾತ್ರ ಹೊಸದು. ಇಪ್ಪತ್ತು ಜನ ಇದ್ದರು. ಅಂದಿನ ಹದಿನೆಂಟರಲ್ಲಿ ನನ್ನನ್ನು ಬಿಟ್ಟರೆ ಉಳಿದಿರುವವರು ಗ್ರಂಥಾಲಯದವರೊಬ್ಬರೇ. ಉಳಿದವರಿಗೆ ನೀನು ಯಾರೆಂದೇ ಗೊತ್ತಿಲ್ಲ. ನಾನು ನಿನ್ನ ಹೆಸರು ಹೇಳಿದಾಗ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರ ಮುಂದೆ ನಿನ್ನ ಮಾನ ಹೋಯಿತೋ ಅವರ ಮುಂದೆ ಅದನ್ನು ಹಿಂದಕ್ಕೆ ತರಬೇಕಿತ್ತು. ಅವರು ಈಗ ಅಲ್ಲಿಲ್ಲ. ಗ್ರಂಥಾಲಯದವರು ಆಮೇಲೆ ಕಾರಿಡಾರಿನಲ್ಲಿ ಬಂದು, "ಅವರು ಸ್ಲೈಡಿಗೆ ಲೇಬಲ್ ಅಂಟಿಸೋದನ್ನ ನೋಡೋಕೇ ಚೆಂದ ಇತ್ತು" ಎಂದು ಹೇಳಿ ಹೋದರು.

ದೊಡ್ಡವರ ಮನೆಗೂ ಹೋಗಿದ್ದೆ. ಮಗಳು ಬಾಗಿಲು ತೆಗೆದಳು. ಅವರು ಕಿಟಕಿಯ ಬಳಿ ಕೂತು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದರು. ನಾನು ಎಲ್ಲವನ್ನೂ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಕೇಳಿಸಿಕೊಂಡು, "ಹೌದಾ? ಯಾವ ಜರೀಗಿಡ?" ಎಂದರು. ಅವರಿಗೆ ಗಿಡವೂ ನೆನಪಿಲ್ಲ, ಗೆರೆಯೂ ನೆನಪಿಲ್ಲ, ನೀನೂ ಇಲ್ಲ. ಚಹಾ ಕುಡಿದು ಹೋಗಿ ಎಂದರು. ಕುಡಿದು ಬಂದೆ.

ಅಮ್ಮನ ವಿಷಯ ಓದಿದ ಮೇಲೆ ನಿನಗೆ ಏನೆಂದು ಬರೆಯಲಿ? ಆ ಒಂಬತ್ತು ರಾತ್ರಿಗಳಲ್ಲಿ ಒಮ್ಮೆ ಅವರು ನನಗೆ, "ಅಕ್ಕನ್ನ ಏನೂ ಅನ್ಬೇಡ, ಪಾಪ" ಎಂದಿದ್ದರು. ಯಾಕೆ ಹಾಗಂದರೆಂದು ಆಗ ತಿಳಿದಿರಲಿಲ್ಲ. ಈಗ ತಿಳಿಯಿತು. ಇಷ್ಟು ದಿನ ನನ್ನ ಹತ್ತಿರವಿದ್ದ ಆ ಮಾತನ್ನು ನಿನಗೆ ಕೊಡುವುದೋ ಬೇಡವೋ ಗೊತ್ತಾಗದೆ ಬರೆದಿದ್ದೇನೆ. ಮುಚ್ಚಿಟ್ಟದ್ದು ಸಾಕು.

ಲೇಖನ ಮುಂದಿನ ತಿಂಗಳು ಬರುತ್ತದೆ. ಮೊದಲ ಅಳತೆ ಯಾರದು, ಅದನ್ನು ಬಚ್ಚಿಟ್ಟವರು ಯಾರು ಎಂದು ಒಂದು ವಾಕ್ಯದಲ್ಲಿದೆ. ಸಂಪಾದಕರು ಎರಡು ಸಲ ತೆಗೆಯಿರಿ ಎಂದರು. ನಾನು ತೆಗೆಯಲಿಲ್ಲ.

ಚಿಟಿಕೆ

*

ಡಿಸೆಂಬರ್ ೧೧

ಚಿಟಿಕೆ,

ಲೇಖನ ಬಂತು. ಟಿಕೆಟ್ ಕಿಟಕಿಯಲ್ಲಿ ಕೂತು ಓದಿದೆ. ಟವೆಲು ಹೊದ್ದ ಹೆಂಗಸೊಬ್ಬಳು ಬೀಗದ ಕೈ ಹಿಡಿದು ಎಷ್ಟು ಹೊತ್ತು ನಿಂತಿದ್ದಳೋ, ಕೊನೆಗೆ ಗಾಜು ತಟ್ಟಿದಳು. ನನ್ನ ಹೆಸರನ್ನು ಅಚ್ಚಿನಲ್ಲಿ ನೋಡುತ್ತಿರುವುದು ಇದೇ ಮೊದಲು. ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಒಂದು ಚೂರು ಆಯಿತು ಕೂಡ, ಸುಳ್ಳು ಹೇಳುವುದಿಲ್ಲ. ಇವರು ಅದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿ, ಅರ್ಥವಾಗದ ಕಡೆ ತಾವೇ ಅರ್ಥ ಹೇಳಿ ಬಂದಿದ್ದಾರೆ.

ನಿನ್ನ ಕುರ್ಚಿ ಹೋದದ್ದಕ್ಕೆ ನನಗೆ ಸಮಾಧಾನವೇನೂ ಆಗಲಿಲ್ಲ. ಆಗಬೇಕಿತ್ತೇನೋ. ಅಮ್ಮ ಆಡಿದ ಮಾತನ್ನು ಬರೆದು ಒಳ್ಳೆಯದು ಮಾಡಿದೆ. ಅದನ್ನು ಓದಿದ ದಿನ ಕೆಲಸಕ್ಕೆ ರಜೆ ಹಾಕಿದೆ.

ನಿಮ್ಮ ಸಂಸ್ಥೆಯವರು ಎರಡು ವಾರದ ಹಿಂದೆ ನನಗೂ ಒಂದು ಕಾಗದ ಕಳಿಸಿದ್ದಾರೆ. ವಾರಕ್ಕೆ ಎರಡು ದಿನ ಬಂದು ಹೊಸಬರಿಗೆ ಎಲೆ ಹೆಚ್ಚುವುದನ್ನು ಕಲಿಸುವಿರಾ ಎಂದು. ಆಗುವುದಿಲ್ಲ ಎಂದು ಬರೆದೆ. ಕಾರಣ ಬರೆಯಲಿಲ್ಲ, ನಿನಗೆ ಹೇಳುತ್ತೇನೆ. ನನ್ನ ಕೈ ಈಗ ನಡುಗುತ್ತದೆ. ಎರಡು ವರ್ಷವಾಯಿತು. ಟಿಕೆಟು ಹರಿಯಲು ಅಡ್ಡಿಯಿಲ್ಲ. ಆಗ ನಡುಗುತ್ತಿರಲಿಲ್ಲ, ಅದು ನಿನಗೆ ಗೊತ್ತು.

ಕ್ಷಮಿಸಿದ್ದೇನೆಯೇ ಎಂದು ನೀನು ಕೇಳಿಲ್ಲ. ಕೇಳಬೇಡ. ಕೆಲವು ದಿನ ಹೌದು ಅನ್ನಿಸುತ್ತದೆ. ಕೆಲವು ದಿನ ಬೀಗದ ಕೈಗಳನ್ನು ಕೊಕ್ಕೆಗೆ ಹಾಕುತ್ತಾ ಹಾಕುತ್ತಾ ಆ ಒಂಬತ್ತು ದಿನಗಳನ್ನು ಮತ್ತೆ ಎಣಿಸುತ್ತೇನೆ.

ಇವರಿಗೆ ಜನವರಿ ಎಂಟಕ್ಕೆ ಕಣ್ಣಿನ ಆಪರೇಷನ್ ಇದೆ. ಮೂರು ದಿನ ಮಲಗಿಯೇ ಇರಬೇಕು, ಬಗ್ಗಬಾರದು. ನನಗೆ ರಜೆ ಒಂದೇ ದಿನ ಸಿಕ್ಕಿದೆ. ಮಿಕ್ಕ ಎರಡು ದಿನ ಹಗಲು ಯಾರಾದರೂ ಪಕ್ಕದಲ್ಲಿ ಕೂತು ಪತ್ರಿಕೆ ಓದಿ ಹೇಳಬೇಕು, ಇಲ್ಲದಿದ್ದರೆ ಎದ್ದು ಓಡಾಡುತ್ತಾರೆ. ನೀನು ಬರುವುದಾದರೆ ಒಂಬತ್ತನೆಯ ತಾರೀಕು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಮುಂಚೆ ಬಾ. ಆ ವಿಷಯ ಎತ್ತಬೇಡ, ಏನೂ ಹೊತ್ತುಕೊಂಡು ಬರಬೇಡ. ಬಸ್ಸಿಳಿದು ಈಜುಕೊಳದ ಹಿಂದಿನ ಬೀದಿಯಲ್ಲಿ ಮೂರನೆಯ ಕಟ್ಟಡ, ಮೇಲಿನ ಮಹಡಿ. ಕರೆಗಂಟೆ ಕೆಟ್ಟಿದೆ, ಬಾಗಿಲು ಬಡಿ.

ಬಡಿದ ಕೂಡಲೇ ತೆರೆಯದಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದು ತಿರುಗಿ ಹೋಗಬೇಡ. ಒಳಗೇ ಇರುತ್ತೇನೆ. ಸ್ವಲ್ಪ ಹೊತ್ತು ಬೇಕಾಗಬಹುದು.

ಅಕ್ಕ